ದೊಡ್ಡದು ಮಾಡಿ

ಆಡಿಟರ್ ಬರುತ್ತಾರೆ ಎಂದು ನಾನು ಹೇಳಿದ್ದೇ ತಡ, ನಮ್ಮಣ್ಣ ಎದ್ದುಹೋಗಿ ಆಫೀಸಿನ ಬಾಗಿಲು ಮುಚ್ಚಿ ಚಿಲಕ ಹಾಕಿದ.

"ಯಾವ ಆಡಿಟರು? ಯಾರು ಕಳಿಸಿದ್ದು? ನೀನೇನು ಬಾಯಿಬಿಟ್ಟೆ ಪುಟ್ಟಿ?"

"ಲೆಕ್ಕ ನೋಡೋ ಆಡಿಟರ್ ಅಲ್ವೋ, ಕೂತ್ಕೋ. ಗ್ಯಾಸು, ಕರೆಂಟು ಎಲ್ಲೆಲ್ಲಿ ಪೋಲಾಗ್ತಿದೆ ಅಂತ ನೋಡೋರು. ಸಣ್ಣ ಕಾರ್ಖಾನೆಗಳಿಗೆ ಪುಕ್ಕಟೆಯಂತೆ."

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ಚಿಲಕ ತೆರೆಯಿತು. ಯಾರು ಕರೆಸಿದ್ದು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಫೋನ್ ಮಾಡಿ, ಅರ್ಜಿ ಹಾಕಿ, ಎರಡು ಸಲ ನೆನಪು ಮಾಡಿ ಕರೆಸಿದ್ದು ನಾನೇ. ಅವನಿಗೆ ಅಷ್ಟೆಲ್ಲ ಯೋಚನೆ ಬರುವುದಿಲ್ಲ. ನಲವತ್ತು ಹತ್ತಿರ ಬಂದಿದ್ದರೂ, ತಲೆ ಬಾಚಿದರೆ ಬಾಚಣಿಗೆಯಲ್ಲಿ ಬಿಳಿ ಕೂದಲು ಸಿಕ್ಕಿಕೊಳ್ಳುತ್ತಿದ್ದರೂ, ಅವನ ಪಾಲಿಗೆ ನಾನು ಪುಟ್ಟಿ. ಪುಟ್ಟಿಗೆ ಏನು ತಿಳಿಯುತ್ತದೆ, ಪಾಪ.

ನಮ್ಮದು ಪಿಂಗಾಣಿ ಫ್ಯೂಸ್ ಮಾಡುವ ಕಾರ್ಖಾನೆ. ಕರೆಂಟು ಹೋದಾಗ ಮೀಟರಿನ ಪಕ್ಕ ಎಳೆದು, ತಂತಿ ಸುಟ್ಟಿದೆಯೇ ಎಂದು ನೋಡುತ್ತಿದ್ದರಲ್ಲ, ಆ ಬಿಳಿಯ ಹಿಡಿಕೆ. ಈಗ ಅದು ಯಾರಿಗೂ ಬೇಡ. ಎಲ್ಲರ ಮನೆಯಲ್ಲೂ ಟಕ್ ಎಂದು ಬೀಳುವ ಸ್ವಿಚ್ಚು ಬಂದಿದೆ. ಹಳೆಯ ಕಟ್ಟಡದವರು, ಪಂಪ್‌ಸೆಟ್ಟಿನವರು ಅಲ್ಲಿ ಇಲ್ಲಿ ಕೇಳುತ್ತಾರೆ, ಅಷ್ಟೇ. ಆರ್ಡರು ಕಾಲು ಭಾಗಕ್ಕೆ ಇಳಿದರೂ ಭಟ್ಟಿಯ ಹೊಟ್ಟೆ ಮಾತ್ರ ಒಂದು ತುತ್ತೂ ಕಡಿಮೆಯಾಗಿಲ್ಲ.

ಭಟ್ಟಿ ಎಂದರೆ ಒಲೆಯ ಹಾಗಲ್ಲ. ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಚಾಚಿರುವ ಇಟ್ಟಿಗೆಯ ಸುರಂಗ. ಒಳಗೆ ಕಂಬಿ, ಕಂಬಿಯ ಮೇಲೆ ಗಾಡಿಗಳು. ಹಸಿ ಮಾಲು ಹೇರಿದ ಗಾಡಿ ಈ ಬಾಯಲ್ಲಿ ಒಳಗೆ ಹೋಗಿ, ನಡುವಿನ ಉರಿಯಲ್ಲಿ ಬೆಂದು, ಆ ಬಾಯಲ್ಲಿ ತಣ್ಣಗಾಗಿ ಹೊರಬರುತ್ತದೆ. ಗಂಟೆ ಬಾರಿಸಿದಾಗಲೆಲ್ಲ ಒಂದು ಗಾಡಿ ತಳ್ಳಬೇಕು. ಹಗಲಾಗಲಿ, ರಾತ್ರಿಯಾಗಲಿ, ಮೈಯಲ್ಲಿ ಜ್ವರವೇ ಇರಲಿ. ಮಾಲು ಇಲ್ಲದಿದ್ದರೆ ಖಾಲಿ ಗಾಡಿಯನ್ನಾದರೂ ತಳ್ಳಬೇಕು. ಒಮ್ಮೆ ಪೂರ್ತಿ ತಣ್ಣಗಾಯಿತೋ, ಹಳೆಯ ಕಮಾನು ಬಿರುಕು ಬಿಟ್ಟು ಕೂತುಬಿಡುತ್ತದೆ, ಮತ್ತೆ ಹಚ್ಚುವ ಮಾತಿಲ್ಲ. ಅಮ್ಮ ತೀರಿಕೊಂಡ ವರ್ಷ ಅಪ್ಪ ಆ ಕಮಾನು ಕಟ್ಟಿಸಿ ಬೆಂಕಿ ಹಚ್ಚಿದ. ನಾನಾಗ ಎರಡು ಜಡೆಯ ಹುಡುಗಿ. ಅಂದಿನಿಂದ ನಾವು ಮನೆಮಂದಿಯೆಲ್ಲ ಒಟ್ಟಿಗೆ ಎಲ್ಲಿಗಾದರೂ ಹೋದದ್ದಿದ್ದರೆ ಕೇಳಿ. ಒಬ್ಬರು ಉಳಿಯಲೇಬೇಕು. ಮೊದಲು ಅಪ್ಪ ಉಳಿಯುತ್ತಿದ್ದ. ಆಮೇಲೆ ನಾನು.

ಅಣ್ಣ ಯಾಕಿಲ್ಲ ಎಂದು ನೀವು ಕೇಳಬಹುದು. ಅವನಿಗೆ ಶಾಖ ಆಗುವುದಿಲ್ಲ, ಮೈ ತುರಿಸುತ್ತದೆ. ಮದುವೆಯಾಗಿ ಎದುರು ಬೀದಿಯ ಮಹಡಿಮನೆಗೆ ಹೋದ ಮೇಲೆ ಆ ತುರಿಕೆಯೂ ವಾಸಿಯಾಯಿತು. ಅಕ್ಕನನ್ನು ದೂರದ ಊರಿಗೆ ಕೊಟ್ಟರು. ನನ್ನ ಮದುವೆ ಮಾತು ಬಂದಾಗಲೆಲ್ಲ ಆರ್ಡರು ಜಾಸ್ತಿ ಇತ್ತು. ಆರ್ಡರು ಕಡಿಮೆಯಾದಾಗ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ಉಳಿಯಿತು. ಅವನ ಮಂಚ ಭಟ್ಟಿಯ ಪಕ್ಕದ ಕೋಣೆಯಲ್ಲಿದೆ. ಬೆಂಕಿಯ ಸದ್ದು ಕೇಳಿಸದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಊಟ ಮಾಡಿಸುವುದು, ಮಗ್ಗುಲು ತಿರುಗಿಸುವುದು, ಮೈ ಒರೆಸುವುದು ಎಲ್ಲ ನನ್ನದು. ಸಿಟ್ಟಿನಿಂದ ಹೇಳುತ್ತಿಲ್ಲ. ಅಪ್ಪನ ಮೇಲೆ ನನಗೆ ಜೀವ. ಆದರೆ ಜೀವ ಇಟ್ಟುಕೊಂಡೇ ಉಸಿರು ಕಟ್ಟುತ್ತದಲ್ಲ, ಅದಕ್ಕೇನು ಮಾಡಲಿ?

ಈಚೆಗೆ ಅಕ್ಕ ಫೋನ್ ಮಾಡಿದಳು. ಅವಳ ಊರಿನ ತರಬೇತಿ ಕೇಂದ್ರದಲ್ಲಿ ಹುಡುಗಿಯರಿಗೆ ಮಣ್ಣಿನ ಕೆಲಸ ಕಲಿಸುತ್ತಾರೆ. ಭಟ್ಟಿ ಸುಡುವುದನ್ನು ಹೇಳಿಕೊಡುವವರು ಬೇಕು, ಇರಲು ಒಂದು ಕೋಣೆ ಕೊಡುತ್ತಾರೆ. ಭಾವ ಮಾತಾಡಿಟ್ಟಿದ್ದಾರೆ. ರಜೆ ಮುಗಿದು ಕೇಂದ್ರ ತೆರೆಯುವುದರೊಳಗೆ ಬರಬೇಕು.

"ಬಾರೇ," ಎಂದಳು ಅಕ್ಕ. "ಅಪ್ಪನ್ನ ನೋಡ್ಕೊಳ್ಳೋಕೆ ಜನ ಇಡೋಣ, ನಾನೂ ದುಡ್ಡು ಕಳಿಸ್ತೀನಿ. ಬೇಕಿದ್ರೆ ಇಲ್ಲಿಗೇ ಕರ್ಕೊಂಡು ಬಾ. ಆದ್ರೆ ಆ ಭಟ್ಟಿನ ಯಾರು ನೋಡ್ಕೋತಾರೆ ಹೇಳು? ಅದಿರೋವರೆಗೆ ನಿನ್ನ ಬಿಡಲ್ಲ ಅವರು."

ಅವಳು ಹೇಳಿದ್ದು ಸುಳ್ಳಲ್ಲ. ಅಪ್ಪನನ್ನು ಗಾಡಿಯಲ್ಲಿ ಮಲಗಿಸಿ ಕರೆದೊಯ್ಯಬಹುದು, ಭಟ್ಟಿಯನ್ನು ಕರೆದೊಯ್ಯಲಾದೀತೇ? ಅದಿದ್ದರೆ ನಾನಿಲ್ಲಿ. ಅದು ಹೋದರೆ ನನಗೆ ದಾರಿ. ಆದರೆ ಅದು ಹೋಗಲಿ ಎಂದು ಪುಟ್ಟಿ ಹೇಳಿದರೆ ಯಾರು ಕೇಳುತ್ತಾರೆ? ಅದಕ್ಕೇ ಕೈಯಲ್ಲಿ ಯಂತ್ರ ಹಿಡಿದು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡವರನ್ನು ಕರೆಸಿದೆ.

ಬಂದವರು ಒಬ್ಬ ಹೆಂಗಸು. ಮೂವತ್ತರ ಆಸುಪಾಸು, ಕಾಲಿಗೆ ದಪ್ಪ ಬೂಟು, ಬೆನ್ನಿಗೆ ಚೀಲ. ಗಾಡಿ ತುಂಬುವ ಉದ್ದಣ್ಣ ಬಾಗಿಲಲ್ಲೇ ಅವರಿಗೆ ಆಡಿಟರಮ್ಮ ಎಂದು ಹೆಸರಿಟ್ಟುಬಿಟ್ಟ. ಅವರ ಹತ್ತಿರ ಶಾಖ ಕಾಣಿಸುವ ಕ್ಯಾಮೆರಾ ಇತ್ತು. ಬಿಸಿ ಇದ್ದಲ್ಲಿ ಕೆಂಪು, ಹಳದಿ, ತಣ್ಣಗಿದ್ದಲ್ಲಿ ನೀಲಿ. ಫೋಟೋ ಎಂದದ್ದೇ ಉದ್ದಣ್ಣ ತಲೆ ಬಾಚಿಕೊಂಡು ಬಂದು ಭಟ್ಟಿಯ ಮುಂದೆ ಎದೆಯುಬ್ಬಿಸಿ ನಿಂತ.

"ನೀವು ಸ್ವಲ್ಪ ಈ ಕಡೆ ಬನ್ನಿ, ಗೋಡೆ ಕಾಣ್ತಿಲ್ಲ," ಎಂದರು ಆಡಿಟರಮ್ಮ.

"ನಾನು ಹೆಂಗ್ ಕಾಣ್ತೀನಿ ಮೇಡಂ?"

"ಮೂಗು ನೀಲಿ, ಹೊಟ್ಟೆ ಕೆಂಪು."

"ಹೊಟ್ಟೆ ಕೆಂಪಗಿರೋದು ಹಸಿವಿಗೆ ಮೇಡಂ. ಊಟಕ್ಕೆ ಬಿಡದೆ ಭಟ್ಟಿ ಮುಂದೆ ನಿಲ್ಲಿಸಿದ್ದಾರೆ, ಅದನ್ನೂ ಬರ್ಕೊಳಿ!"

ಎಷ್ಟೋ ದಿನವಾಗಿತ್ತು ಆ ಶೆಡ್ಡಿನಲ್ಲಿ ನಗು ಕೇಳಿ. ಆಡಿಟರಮ್ಮ ಹಾಗೆ ನಗುತ್ತಲೇ ಗಾಡಿಯ ಅಡಿಗೆ ಬಗ್ಗಿದರು, ಶಾಖ ಸೋರದಂತೆ ಕಂಬಿಯ ಬದಿಗೆ ತುಂಬಿದ ಮರಳಿನ ಕಾಲುವೆಗೆ ಕೈ ಹಾಕಿ ನೋಡಿದರು, ಹೊಗೆಕೊಳವೆಯ ಬಾಯಿಗೆ ಕಡ್ಡಿಯಂಥದ್ದೊಂದನ್ನು ತೂರಿಸಿ ಅಳತೆ ಬರೆದುಕೊಂಡರು. ಬಾಗಿಲ ಸಂದಿಗೆ ನಾನು ದಿನಾ ತುರುಕುವ ಬಿಳಿಯ ಹತ್ತಿಯಂಥ ಪಟ್ಟಿಯನ್ನು ಅವತ್ತು ಬೇಕೆಂದೇ ತುರುಕಿರಲಿಲ್ಲ. ಸೋರಲಿ, ಎಷ್ಟು ಸೋರುತ್ತದೋ ಸೋರಲಿ, ಕೆಂಪಗೆ ಕಾಣಲಿ ಎಂದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೈ ತಡೆಯಲಿಲ್ಲ. ಯಾರೂ ನೋಡದಾಗ ಹೋಗಿ ತುರುಕಿ ಬಂದೆ. ನನ್ನ ಕೈಗೆ ನನ್ನ ಕಷ್ಟ ತಿಳಿಯುವುದಿಲ್ಲ.

ಕೊನೆಗೆ ಅವರು ಭಟ್ಟಿಯ ಎಡಮಗ್ಗುಲ ಗೋಡೆಯನ್ನು ನೋಡಬೇಕೆಂದರು. ಆ ಗೋಡೆಯ ಆಚೆ ಬದಿ ನನ್ನ ಕೋಣೆ. ಚಾಪೆ ಮಡಚಿ, ಹಗ್ಗದ ಮೇಲಿದ್ದ ಬಟ್ಟೆ ಸರಿಸಿ ಒಳಗೆ ಕರೆದೆ. ಅವರು ಕ್ಯಾಮೆರಾ ಎತ್ತಿ ಹಿಡಿದು, ಹಾಗೆಯೇ ಇಳಿಸಿದರು.

"ಇಲ್ಲಿ ಮಲಗ್ತೀರಾ?"

"ಹೂಂ. ಚಳಿಗಾಲದಲ್ಲಿ ಚೆನ್ನಾಗಿರುತ್ತೆ."

"ಬೇಸಿಗೇಲಿ?"

ಅವರು ಕ್ಯಾಮೆರಾದ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಗೋಡೆ ತುಂಬ ಕೆಂಪು, ಹಳದಿ. ಗೋಡೆಗೆ ಒರಗಿ ನಿಂತಿದ್ದ ನಾನೂ ಅದೇ ಬಣ್ಣ. ಎಲ್ಲಿ ಗೋಡೆ ಮುಗಿಯಿತು, ಎಲ್ಲಿ ನಾನು ಶುರುವಾದೆ ಎಂದು ಗೊತ್ತಾಗುತ್ತಿರಲಿಲ್ಲ. ಗೋಡೆ ಬಿಟ್ಟು ಈಚೆ ಬಂದು ನಿಂತುಕೊಂಡೆ.

"ಮೇಡಂ, ಒಂದು ಮಾತು ಹೇಳಿ," ಎಂದೆ. "ಇದನ್ನ ಇನ್ನೂ ಉರಿಸೋದ್ರಲ್ಲಿ ಅರ್ಥ ಇದೆಯಾ?"

"ನನ್ನ ಕೇಳಿದ್ರೆ ಇಲ್ಲ," ಎಂದರು ಅವರು. "ಆದರೆ ತೀರ್ಮಾನ ಮಾಲೀಕರದ್ದು. ಮಾಲೀಕರು ಯಾರು, ನಿಮ್ಮ ಅಣ್ಣನಾ?"

"ಕಾಗದದಲ್ಲಿ ಇನ್ನೂ ಅಪ್ಪ."

ಎರಡು ದಿನ ಬಿಟ್ಟು ಅವರು ಅಪ್ಪನಿಗೆ ವಿವರಿಸಲು ಬಂದರು. ಅಪ್ಪನಿಗೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ, ಒಗೆದ ಅಂಗಿ ಹಾಕಿಸಿದೆ. ಅಣ್ಣ ಮಂಚದ ಕಾಲ ಕಡೆ ನಿಂತ. ಆಡಿಟರಮ್ಮ ಸ್ಟೂಲ್ ಎಳೆದುಕೊಂಡು ಅಪ್ಪನ ಕಿವಿಯ ಹತ್ತಿರವೇ ಕೂತರು. ಒಳ್ಳೆಯ ಹೆಂಗಸು. ದೊಡ್ಡ ದೊಡ್ಡ ಮಾತು ಆಡಲಿಲ್ಲ.

"ಸರ್, ನಿಮ್ಮ ಭಟ್ಟಿ ಉರಿಸೋ ಗ್ಯಾಸಲ್ಲಿ ಮಾಲಿಗೆ ಹೋಗೋದು ಚೂರೇ ಚೂರು. ಉಳಿದಿದ್ದೆಲ್ಲ ಗಾಡಿ ಬಿಸಿ ಮಾಡೋಕೆ, ಗೋಡೆ ಬಿಸಿ ಮಾಡೋಕೆ, ಆಕಾಶ ಬಿಸಿ ಮಾಡೋಕೆ. ಅದು ತನ್ನ ಮೈ ಬಿಸಿ ಇಟ್ಕೊಳ್ಳೋಕೇ ಉರೀತಿದೆ ಸರ್. ಎರಡು ದಾರಿ ಇದೆ. ಒಂದು, ಇದನ್ನ ಇಲ್ಲಿಗೆ ಮುಗಿಸಿ, ಪೆಟ್ಟಿಗೆ ಥರದ ಚಿಕ್ಕ ಭಟ್ಟಿ ತಗೊಳ್ಳೋದು. ಆರ್ಡರ್ ಇದ್ದ ದಿನ ಹಚ್ಚಿ, ಸಂಜೆಗೆ ಬೀಗ ಹಾಕ್ಕೊಂಡು ಮನೆಗೆ ಹೋಗೋದು. ರಾತ್ರಿ ಪಾಳಿ ಇಲ್ಲ, ಗಂಟೆ ಇಲ್ಲ. ಉದ್ದಣ್ಣನವರೇ ನೋಡ್ಕೋಬಹುದು. ಎರಡನೇದು, ಇದನ್ನೇ ಉಳಿಸ್ಕೊಳ್ಳೋದಾದ್ರೆ, ಇನ್ನಷ್ಟು ಉದ್ದ, ಅಗಲ ಮಾಡಿ, ಬೇರೆ ಮಾಲಿನ ಆರ್ಡರ್ ಹಿಡಿದು ಗಾಡಿ ತುಂಬ ಸುಡೋದು. ತುಂಬಿ ಸುಟ್ರೆ ಒಂದೊಂದು ಪೀಸಿಗೆ ಬೀಳೋ ಗ್ಯಾಸು ಕಡಿಮೆಯಾಗುತ್ತೆ. ನನ್ನ ಸಲಹೆ ಮೊದಲನೇದು."

ಎರಡನೆಯದನ್ನು ಹೇಳುವಾಗ ಅಣ್ಣನ ಕತ್ತು ಉದ್ದವಾದದ್ದು ನನಗೆ ಕಂಡಿತು. ಹೋಟೆಲುಗಳಿಗೆ ಕಪ್ಪು ಸಾಸರು ಮಾಡಬೇಕು ಎನ್ನುವುದು ಅವನ ಹಳೆಯ ಹುಚ್ಚು. ಅಪ್ಪ ಮಾತ್ರ ಬೇರೆ ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

"ತನ್ನ ಮೈ ಬಿಸಿ ಇಟ್ಕೊಳ್ಳೋಕೇ ಉರೀತಿದೆಯಾ?" ಎಂದ.

"ಹೌದು ಸರ್."

"ಖಾಲಿ ಗಾಡಿ ಸುಡ್ತಿದ್ದೀವಾ ಪುಟ್ಟಿ?"

ಅವನಿಗೆ ಇಷ್ಟು ದಿನ ನಾನು ಹೇಳಿರಲಿಲ್ಲ. "ಅರ್ಧಕ್ಕರ್ಧ ಖಾಲಿನೇ ಅಪ್ಪಾ," ಎಂದೆ.

ಅಪ್ಪ ಕಣ್ಣು ಮುಚ್ಚಿದ. ಖಾಲಿ ಗಾಡಿ ಸುಡುವುದೆಂದರೆ ಅವನಿಗೆ ಅನ್ನ ಚೆಲ್ಲಿದಷ್ಟು ನಾಚಿಕೆ. ಆಡಿಟರಮ್ಮ ಮೆಲ್ಲಗೆ, "ಹಾಗಾದ್ರೆ ನಿಲ್ಲಿಸೋದಾ ಸರ್?" ಎಂದು ಕೇಳಿದರು.

"ನಿಲ್ಲಿಸೋದಲ್ಲ ತಾಯಿ," ಎಂದ ಅಪ್ಪ. "ದೊಡ್ಡದು ಮಾಡಿ. ದೊಡ್ಡದು ಮಾಡ್ಬಿಡಿ."

ನಮ್ಮ ಮನೆಯಲ್ಲಿ ಉರಿಯುತ್ತಿರುವುದರ ಬಗ್ಗೆ ಯಾರೂ ಕೆಟ್ಟ ಮಾತು ಆಡುವುದಿಲ್ಲ. ದೀಪ ಸಾಕು ಎನ್ನಿಸಿದರೆ "ದೀಪ ದೊಡ್ಡದು ಮಾಡು" ಎನ್ನುತ್ತೇವೆ. ಒಲೆಯೂ ಅಷ್ಟೇ. ಬೇರೆ ಮಾತೊಂದಿದೆ, ಅದು ಮನೆಯಲ್ಲಿ ಜೀವ ಹೋದಾಗ ಆಡುವ ಮಾತು. ಇನ್ನು ಭಟ್ಟಿಯಲ್ಲಿ "ನಿಲ್ಲಿಸು" ಎಂದರೆ ಗಾಡಿ ತಳ್ಳುವುದನ್ನು ಸ್ವಲ್ಪ ಹೊತ್ತು ತಡೆ ಎಂದು ಮಾತ್ರ. ಅದನ್ನು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಆದ್ದರಿಂದ ಅಪ್ಪ ಎಷ್ಟು ಬಿಡಿಸಿ ಹೇಳಬಹುದೋ ಅಷ್ಟು ಬಿಡಿಸಿ ಹೇಳಿದ್ದ. ತಡೆಯುವುದಲ್ಲ, ಪೂರ್ತಿ ಮುಗಿಸಿ ಎಂದಿದ್ದ. ಆಡಿಟರಮ್ಮನ ಹುಬ್ಬು ಮೇಲೆ ಹೋಯಿತು. ತಮ್ಮ ಸಲಹೆ ಇಷ್ಟು ಬೇಗ ಒಪ್ಪಿಗೆಯಾದ ಖುಷಿಗಿರಬೇಕು ಎಂದುಕೊಂಡೆ. "ಖಂಡಿತಾನಾ ಸರ್?" ಎಂದರು. "ಹೇಳಿದೆನಲ್ಲ ತಾಯಿ, ಮತ್ತೆ ಮತ್ತೆ ಹೇಳಿಸಬೇಡಿ," ಎಂದ ಅಪ್ಪ. ಅವರು ಬರೆದುಕೊಂಡರು. ಅಣ್ಣ ಬಾಯಿ ತೆರೆಯಲಿಲ್ಲ.

ನಾನು ಭಟ್ಟಿಯ ಹಿಂದೆ, ಒಡೆದ ಮಾಲಿನ ರಾಶಿಯ ಹತ್ತಿರ ಹೋಗಿ ಕೂತು ಅತ್ತೆ. ಸಂತೋಷಕ್ಕೆ ಅತ್ತೆ, ಅಪ್ಪನ ಮುಚ್ಚಿದ ಕಣ್ಣು ನೆನೆದು ಅತ್ತೆ, ಅಷ್ಟು ವರ್ಷದ ನಿದ್ದೆಗಾಗಿ ಅತ್ತೆ. ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಅಪ್ಪ ದೊಡ್ಡದು ಮಾಡಿ ಅಂದ ಕಣೇ!"

"ಅಯ್ಯೋ ದೇವರೇ! ಅವನ ಬಾಯಲ್ಲೇ ಬಂತಾ?" ಎಂದು ಅವಳೂ ಅತ್ತಳು. ನೋಡಿ, ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ಅದೇ ಮನೆಯಲ್ಲಿ ಹುಟ್ಟಿದವಳು.

ಆ ವಾರ ನಾನು ನೆಲದ ಮೇಲೆ ನಡೆದಿದ್ದರೆ ಕೇಳಿ. ಚೀಲ ತೆಗೆದು ಬಿಸಿಲಿಗೆ ಹಾಕಿದೆ. ಒಳ್ಳೆಯವು ಎಂದು ಎತ್ತಿಟ್ಟ ಸೀರೆಗಳಿಗೆಲ್ಲ ಬೂದಿಯ ವಾಸನೆ ಹೊಡೆಯುತ್ತಿತ್ತು, ಒಗೆದೆ. ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ಭಟ್ಟಿ ತಣ್ಣಗಾಗುವ ದುಃಖ ಮೊದಲು ಕಳೆಯಲಿ, ಆಮೇಲೆ ಮೆಲ್ಲಗೆ ಹೇಳಿ, ಒಪ್ಪಿದರೆ ಜೊತೆಯಲ್ಲೇ ಕರೆದೊಯ್ಯೋಣ ಎಂದಿದ್ದೆ. ಉದ್ದಣ್ಣನಿಗೆ ಚಿಕ್ಕ ಭಟ್ಟಿಯ ಮಾತು ತಿಳಿದು, "ಇನ್ಮೇಲೆ ನಾನೂ ರಾತ್ರಿ ಹೆಂಡತಿ ಮುಖ ನೋಡ್ಬೋದು. ಅವಳಿಗೆ ನನ್ನ ಗುರುತು ಇದ್ರೆ ಸರಿ," ಎಂದ.

ವರದಿ ಓದಿ ಸಹಿ ಹಾಕಿಸಿಕೊಳ್ಳಲು ಆಡಿಟರಮ್ಮ ಬಂದ ದಿನ ನಾನು ಉರಿಯ ಬಾಯಿಯ ಹತ್ತಿರ ಇದ್ದೆ. ಅವರು ಆಫೀಸಿನಿಂದ ಅಣ್ಣನ ಜೊತೆ ಬರುತ್ತಾ, ಕೈಯಲ್ಲಿದ್ದ ಟೇಪು ಹಿಡಿದು ಭಟ್ಟಿಯ ಎಡಮಗ್ಗುಲ ಗೋಡೆಯನ್ನು ಅಳೆದರು.

"ಮೇಡಂ, ನಿಮ್ಮ ಕೋಣೆ ಹೋಗುತ್ತೆ, ಬೇಜಾರಾಗಬೇಡಿ," ಎಂದರು ನನಗೆ. "ಆ ಕಡೆ ಬೆಳೆಸಬೇಕಲ್ಲ."

"ಏನು ಬೆಳೆಸೋದು?"

"ಭಟ್ಟಿ. ನಾನು ಬೇಡ ಅಂದೆ, ಆದ್ರೂ ನಿಮ್ಮ ತಂದೆಯವರೇ ಹೇಳಿದ್ರಲ್ಲ, ನಿಲ್ಲಿಸೋದಲ್ಲ, ದೊಡ್ಡದು ಮಾಡಿ ಅಂತ. ಅದಕ್ಕೆ ಎರಡನೇ ದಾರಿನೇ ಬರೆದಿದ್ದೀನಿ."

ಒಂದು ಕ್ಷಣ ನನಗೆ ನಗು ಬಂತು. ಪಾಪ, ಅವರು ಸ್ವಿಚ್ಚು ಒತ್ತಿ ದೀಪ ಹಚ್ಚುವ ಮನೆಯಲ್ಲಿ ಬೆಳೆದವರು, ಅವರಿಗೆ ಹೇಗೆ ತಿಳಿಯಬೇಕು? ಹೇಳಿದರೆ ಅವರೂ ನಕ್ಕು ಹರಿದು ಬಿಸಾಡುತ್ತಾರೆ ಎಂದುಕೊಂಡು ಅಣ್ಣನ ಕಡೆ ತಿರುಗಿದೆ. ಅವನು ನನ್ನನ್ನು ನೋಡಲಿಲ್ಲ. ಕೈಗಡಿಯಾರದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

ನನ್ನ ನಗು ಅಲ್ಲೇ ಸತ್ತಿತು.

"ಅಣ್ಣಾ, ನೀನು ಹೇಳಲಿಲ್ವಾ?"

"ಏನು ಹೇಳ್ಬೇಕು? ಅಪ್ಪ ಏನಂದ? ದೊಡ್ಡದು ಮಾಡಿ ಅಂದ. ನಿನ್ನ ಕಿವಿಗೂ ಬಿತ್ತು, ನನ್ನ ಕಿವಿಗೂ ಬಿತ್ತು."

"ಅಪ್ಪ ದೊಡ್ಡದು ಮಾಡಿ ಅಂದ್ರೆ ಏನರ್ಥ ಅಂತ ನಿಂಗೊತ್ತಿಲ್ವಾ? ನೀನೇನು ಆಕಾಶದಿಂದ ಉದುರಿದ್ಯಾ? ನಿನ್ನ ಕೈಯಲ್ಲೇ ಎಷ್ಟು ಸಲ ಮಾಡಿಸಿದಾನೆ ದೀಪ!"

"ದೀಪ ಬೇರೆ, ವ್ಯಾಪಾರ ಬೇರೆ," ಎಂದ. ಆಮೇಲೆ ದನಿ ತಗ್ಗಿಸಿ, "ಪುಟ್ಟಿ, ಕೂಗಾಡಬೇಡ. ಇದೊಂದು ಆದ್ರೆ ನಾವೆಲ್ಲ ಬದುಕ್ತೀವಿ. ನಿಂಗೇನು ಕಮ್ಮಿ ಮಾಡಿದ್ದೀನಿ? ಚಿಕ್ಕ ಭಟ್ಟಿ ತಂದ್ರೆ ನಿಂಗೆ ತಾನೇ ಇಲ್ಲೇನು ಕೆಲಸ ಇರುತ್ತೆ ಹೇಳು," ಎಂದ.

ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಅವನು ನನ್ನ ಮೇಲಿನ ಕಾಳಜಿಯಿಂದ ಮಾತಾಡುತ್ತಿದ್ದೇನೆಂದು ನಿಜವಾಗಿಯೂ ನಂಬಿದ್ದ. ಅದೇ ನನ್ನ ಹೊಟ್ಟೆ ಉರಿಸಿದ್ದು. ಆಡಿಟರಮ್ಮ ನಮ್ಮಿಬ್ಬರ ಮುಖವನ್ನೂ ನೋಡುತ್ತ, "ಏನಾಯ್ತು? ನಾನೇನಾದ್ರೂ ತಪ್ಪು ತಿಳ್ಕೊಂಡ್ನಾ?" ಎಂದರು.

"ಬನ್ನಿ, ಅಪ್ಪನ್ನೇ ಕೇಳೋಣ," ಎಂದು ಅವರ ಕೈ ಹಿಡಿದು ಎಳೆದುಕೊಂಡೇ ಹೋದೆ.

ಅಪ್ಪ ಎಚ್ಚರವಾಗಿದ್ದ. ಆಡಿಟರಮ್ಮ ಮಂಚದ ಹತ್ತಿರ ಬಗ್ಗಿ, "ಸರ್, ಇನ್ನೊಂದು ಸಲ ಹೇಳ್ಬಿಡಿ. ಭಟ್ಟಿ ನಿಲ್ಲಿಸೋದಾ, ದೊಡ್ಡದು ಮಾಡೋದಾ?" ಎಂದು ಕೇಳಿದರು.

"ದೊಡ್ಡದು ಮಾಡೋದು ಅಂತ ಆವತ್ತೇ ಹೇಳಿದೆನಲ್ಲ!" ಎಂದು ಅಪ್ಪ ರೇಗಿದ. "ಇನ್ನೂ ಯಾಕೆ ಸದ್ದು ಕೇಳಿಸ್ತಿದೆ? ಇನ್ನೂ ಉರಿಸ್ತಿದ್ದೀರಾ?"

"ಕೇಳಿಸ್ತಲ್ಲ ಮೇಡಂ," ಎಂದ ಅಣ್ಣ ಬಾಗಿಲಲ್ಲಿ ನಿಂತು. ಅಪ್ಪನ ಕೊನೆಯ ಮಾತು ಅವನಿಗೆ ಕೇಳಿಸಲೇ ಇಲ್ಲವೇನೋ.

"ಹಾಗಲ್ಲಪ್ಪಾ," ಎಂದೆ. "ಇವರಿಗೆ ಅರ್ಥ ಆಗ್ತಿಲ್ಲ. ಬೇರೆ ಥರ ಹೇಳು. ಮುಗಿಸಿ ಅಂತ ಹೇಳು."

"ಬೇರೆ ಥರ ಹೇಗೆ ಹೇಳಲಿ? ಹೇಳೋ ರೀತೀಲಿ ಹೇಳಿದ್ದೀನಿ. ನಾನು ಹಚ್ಚಿದ ಬೆಂಕಿ ಅದು, ಮುಗಿಸಿ ತೊಳೆಸಿ ಅಂತೆಲ್ಲ ನನ್ನ ಬಾಯಲ್ಲಿ ಬರಲ್ಲ."

ಆಡಿಟರಮ್ಮ ಅಸಹಾಯಕರಾಗಿ ನನ್ನನ್ನು ನೋಡಿದರು. ಅವರ ಪೆನ್ನು ಕಾಗದದ ಮೇಲೆ ನಿಂತಿತ್ತು. ಅಣ್ಣ ಮಸಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚುತ್ತಿದ್ದ. ಅಪ್ಪನಿಂದ ಸಹಿ ಆಗುವುದಿಲ್ಲ, ಎಡಗೈ ಹೆಬ್ಬೆಟ್ಟೇ ಒತ್ತಬೇಕು. ಒತ್ತಿದರೆ ಮುಗಿಯಿತು. ಇನ್ನಷ್ಟು ಗಾಡಿ, ಇನ್ನಷ್ಟು ಉದ್ದದ ಸುರಂಗ, ಮತ್ತು ನಾನು. ಆಗ ನನ್ನ ಬಾಯಿಂದ ಆ ಮಾತು ಬಂದೇಬಿಟ್ಟಿತು.

"ಆರಿಸೋದು! ಮೇಡಂ, ಅಪ್ಪ ಹೇಳ್ತಿರೋದು ಆರಿಸಿ ಅಂತ. ಭಟ್ಟಿ ಆರಿಸಿಬಿಡಿ ಅಂತ!"

ಅಪ್ಪನ ಮೈ ಬೆಚ್ಚಿಬಿದ್ದದ್ದು ಹೊದಿಕೆಯ ಮೇಲಿಂದಲೂ ಕಂಡಿತು. "ಥೂ! ಬಿಡ್ತು ಅನ್ನು. ಬಿಡ್ತು ಅನ್ನೇ!"

"ಅನ್ನಲ್ಲ. ಅದೇ ತಾನೇ ನಿನ್ನ ಮನಸ್ಸಲ್ಲಿರೋದು? ಹೌದು ಅಂತ ಹೇಳು. ಒಂದು ಸಲ ಹೌದು ಅಂದ್ರೆ ಸಾಕು."

"ಹೌದು ಕಣೇ, ಅದೇ," ಎಂದ ಅಪ್ಪ, ಉಸಿರು ಸಾಲದೆ. "ಅದಕ್ಕೆ ಆ ಮಾತು ಆಡಬೇಕಾ? ಮಲಗಿರೋನ ಮುಂದೆ?"

ಆಡಿಟರಮ್ಮ ಬಾಯಿಗೆ ಕೈ ಇಟ್ಟುಕೊಂಡರು. ನಂತರ ಗಡಿಬಿಡಿಯಿಂದ ಹಾಳೆ ತಿರುವಿ, ಬರೆದದ್ದರ ಮೇಲೆ ಗೀಟು ಎಳೆಯತೊಡಗಿದರು. ಗೆದ್ದೆ ಎಂದುಕೊಂಡೆ. ದೇವರಾಣೆ, ಗೆದ್ದೇಬಿಟ್ಟೆ ಎಂದುಕೊಂಡೆ. ಆದರೆ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಅಷ್ಟು ವರ್ಷ ಉರಿಯ ಬಣ್ಣ ನೋಡಿ ಒಳಗೆ ಏನಾಗುತ್ತಿದೆ ಎಂದು ಹೇಳಿದ ಕಣ್ಣು ಅದು.

"ಇಷ್ಟೊಂದು ಆತುರ ಯಾಕೆ ನಿಂಗೆ?" ಎಂದ. "ಭಟ್ಟಿ ಹೋದ್ರೆ ನಿಂಗೇನು ಸಿಗುತ್ತೆ?"

ಸುಳ್ಳು ಹೇಳಬಹುದಿತ್ತು. ನಿದ್ದೆ ಸಿಗುತ್ತೆ ಎಂದಿದ್ದರೂ ಸಾಕಿತ್ತು, ಅದು ಸುಳ್ಳೂ ಅಲ್ಲ. ಆದರೆ ಕೆಟ್ಟ ಮಾತೇ ಆಡಿದ ಮೇಲೆ ಇನ್ನೇನು ಮುಚ್ಚಿಡುವುದು ಎನ್ನಿಸಿತು.

"ಅಕ್ಕನ ಊರಲ್ಲಿ ಕೆಲಸ ಇದೆ ಅಪ್ಪಾ. ಕಲಿಸೋ ಕೆಲಸ. ಕೋಣೆನೂ ಕೊಡ್ತಾರೆ. ನಾನು ಹೋಗ್ಬೇಕು. ನೀನೂ ಬಾ ನನ್ನ ಜೊತೆ."

"ನಾನು ಎಲ್ಲಿಗೆ ಬರಲಿ?" ಎಂದ ಅಪ್ಪ. "ಇದೇ ಕೋಣೆ ನಂಗೆ."

"ಹಾಗಾದ್ರೆ ನೋಡ್ಕೊಳ್ಳೋಕೆ ಜನ ಇಡ್ತೀವಿ. ನಾನು ತಿಂಗಳಿಗೊಂದು ಸಲ ಬರ್ತೀನಿ."

ಅಪ್ಪನ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಜಗಳದಲ್ಲಿ ನನ್ನನ್ನು ಸೋಲಿಸಿದವರು ಆ ಮನೆಯಲ್ಲಿ ಯಾರೂ ಇಲ್ಲ. ಅಲ್ಲಿ ಇದ್ದದ್ದು ಹೆದರಿಕೆ. ಕತ್ತಲೆಯಲ್ಲಿ ಬಿಟ್ಟುಹೋದ ಮಗುವಿನ ಹೆದರಿಕೆ. ಭಟ್ಟಿ ಹೋದರೆ ಅವನು ತಡೆದುಕೊಳ್ಳುತ್ತಿದ್ದ. ಭಟ್ಟಿಯ ಜೊತೆ ನಾನೂ ಹೋಗುತ್ತೇನೆ ಎಂದು ಅವನಿಗೆ ಹೊಳೆದಿರಲೇ ಇಲ್ಲ.

ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡ. ಒಂದೇ ಕೈಗೆ ಎರಡು ಕೈಯ ಬಲ ಬಂದಿತ್ತು.

"ತಾಯಿ," ಎಂದ ಆಡಿಟರಮ್ಮನಿಗೆ. "ಗೀಟು ಎಳೀಬೇಡಿ. ನೀವು ಮೊದಲು ಬರೆದಿದ್ದೇ ಸರಿ. ದೊಡ್ಡದೇ ಮಾಡಿ."

ಆಡಿಟರಮ್ಮ ಗೊಂದಲದಿಂದ, "ಸರ್, ದೊಡ್ಡದು ಅಂದ್ರೆ ಈಗ ಯಾವ ಅರ್ಥ?" ಎಂದರು.

"ನಿಮ್ಮ ಅರ್ಥನೇ. ಉದ್ದ ಮಾಡಿ. ಅಗಲ ಮಾಡಿ. ನನ್ನ ಮಗ ಏನು ಕೇಳ್ತಾನೋ ಹಾಗೆ ಮಾಡಿ," ಎಂದು ಅಪ್ಪ ಒಂದೊಂದೇ ಮಾತು ಬಿಡಿಸಿ ಹೇಳಿದ. "ಇವಳಿದ್ದಾಳಲ್ಲ. ನೋಡ್ಕೋತಾಳೆ."

"ಸರ್, ನನ್ನ ಸಲಹೆ ಅದಲ್ಲ," ಎಂದು ಅವರು ಶುರುಮಾಡಿ, ನನ್ನ ಮುಖ ನೋಡಿ, ಗೀಟು ಎಳೆದದ್ದನ್ನೇ ಮತ್ತೆ ಬರೆದರು. ಅವರದ್ದು ಸಲಹೆ ಮಾತ್ರ. ಅಣ್ಣ ಮಸಿಯ ಡಬ್ಬಿ ಹಿಡಿದು ಮಂಚದ ಹತ್ತಿರ ಬಂದ. ಅವನ ಮುಖದಲ್ಲೂ ಗೆಲುವು ಇರಲಿಲ್ಲ. ನನ್ನ ಕಡೆ ನೋಡಲು ಅವನಿಗೆ ಧೈರ್ಯವೂ ಇರಲಿಲ್ಲ. ಹೆಬ್ಬೆಟ್ಟು ಒತ್ತಬೇಕಾದರೆ ಅಪ್ಪ ನನ್ನ ಕೈ ಬಿಡಬೇಕಿತ್ತು. ಬಿಡಲಿಲ್ಲ. ನನ್ನನ್ನು ಹಿಡಿದುಕೊಂಡೇ ಹೆಬ್ಬೆರಳನ್ನು ಮಾತ್ರ ಸಡಿಲಿಸಿ ಮುಂದೆ ಚಾಚಿದ. ಅಣ್ಣ ಅದನ್ನು ಮಸಿಗೆ ಅದ್ದಿ ಕಾಗದಕ್ಕೆ ಒತ್ತಿಸಿದ. ಆ ಬೆರಳು ಮತ್ತೆ ಬಂದು ನನ್ನ ಮಣಿಕಟ್ಟಿನ ಮೇಲೆ ಕೂತಿತು. ನನಗೂ ಮಸಿ ಹತ್ತಿತು.

"ಪುಟ್ಟಿ," ಎಂದ ಅಪ್ಪ, ಈಗ ಮೆತ್ತಗೆ, ಬೇಡಿಕೊಳ್ಳುವ ಹಾಗೆ. "ಕೆಟ್ಟ ಮಾತು ಆಡಿಬಿಟ್ಟೆ ಕಣೇ. ಮನೆ ಒಳಗೆ ಆಡಿಬಿಟ್ಟೆ. ಈಗಲಾದ್ರೂ ಬಿಡ್ತು ಅನ್ನು."

ಲಕ್ವ ಹೊಡೆದ ಕಡೆಯ ಕಣ್ಣಿಂದ ನೀರು ದಿಂಬಿಗೆ ಇಳಿಯುತ್ತಿತ್ತು. ನನಗೆ ಅಳು ಬರಲಿಲ್ಲ. ಅವನು ಕಾಯುತ್ತಿದ್ದ.

"ಬಿಡ್ತು," ಎಂದೆ.

ಅಪ್ಪ ಸಮಾಧಾನದಿಂದ ಕಣ್ಣು ಮುಚ್ಚಿದ. ಕೈ ಬಿಡಲಿಲ್ಲ.